ಸಹಾಯ ಬೇಕು: ದಪ್ಪ ರಾಫ್ಟ್‌ನ ನಡುಭಾಗ ಎಷ್ಟು ಬಿಸಿಯಾಗುತ್ತದೆ?

ಕಲಬುರಗಿಯ ಸೇಡಂ ರಸ್ತೆ ಕಡೆಯ ಕಟ್ಟಡವೊಂದಕ್ಕೆ 1.8 ಮೀಟರ್ ದಪ್ಪದ ರಾಫ್ಟ್ (ಇಡೀ ಕಟ್ಟಡದಡಿ ಹಾಸುವ ಕಾಂಕ್ರೀಟ್ ಅಡಿಪಾಯ) ಹಾಕಬೇಕಾಗಿದೆ. ಈ ಬೇಸಿಗೆಯಲ್ಲಿ ರಾತ್ರಿ ಸುರಿದರೂ ಕಾಂಕ್ರೀಟ್ 34 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಒಳಗಿನ ಉಷ್ಣಾಂಶ 70 ದಾಟಬಾರದು, ನಡುವಿಗೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರ ಬರಬಾರದು ಎಂಬುದು ವಿನ್ಯಾಸಕಾರರ ಷರತ್ತು.

ಘನ ಮೀಟರಿಗೆ ಸಿಮೆಂಟ್ 280 ಕಿಲೋ, ಹಾರುಬೂದಿ (ಕಲ್ಲಿದ್ದಲು ಉರಿದಾಗ ಸಿಗುವ ನುಣುಪು ಬೂದಿ) 120 ಕಿಲೋ. ಸಿಮೆಂಟಿನ ಹೈಡ್ರೇಷನ್ ಶಾಖ, ಅಂದರೆ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಬಿಡುವ ಶಾಖ, ಕಿಲೋಗೆ 350 ಕಿಲೋಜೂಲ್ ಎಂದು ಹಿಡಿದು, ಸಾಂದ್ರತೆ 2400, ವಿಶಿಷ್ಟ ಉಷ್ಣ 1 ಎಂದು ಭಾಗಿಸಿದರೆ ಏರಿಕೆ ಸುಮಾರು 41 ಡಿಗ್ರಿ, ಸುರಿದಾಗಿನ 34 ಸೇರಿ ಒಟ್ಟು 75. ಹಾರುಬೂದಿಗೂ ಸಿಮೆಂಟಿನ ಅರ್ಧದಷ್ಟು ಶಾಖ ಕೊಟ್ಟರೆ 84! ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಹೂತು 1 ಮೀಟರ್ ಘನದ ದಿಮ್ಮಿ ಹಾಕಿ ನೋಡಿದೆವು, 63ಕ್ಕೆ ನಿಂತಿತು. ಆದರೆ ಸುತ್ತ ಇದ್ದದ್ದು ಬರೀ ಕಬ್ಬಿಣದ ಶೀಟು. ಶಾಖ ಸೋರಿದ ಆ ಅಂಕಿಯನ್ನು ರಾಫ್ಟ್‌ಗೆ ಒಪ್ಪಲು ಮನಸ್ಸಿಲ್ಲ.

ಮೇಸ್ತ್ರಿಯದು ಒಂದೇ ಮಾತು: "ನೀರು ಹೊಡೆಸೋಣ ಸಾಹೇಬರೇ, ತಣ್ಣಗಾಗುತ್ತದೆ." ಬೆಳಗ್ಗೆ ಹತ್ತಕ್ಕೇ ಗೋಣಿಚೀಲ ಒಣಗಿ ಗರಿಗರಿಯಾಗುವ ಊರು ಇದು, ನೀರು ಬೇಕೇ ಬೇಕು. ಆದರೆ ಬಿಸಿ ಏರಿರುವಾಗ ಮೇಲೆ ತಣ್ಣೀರು ಸುರಿದರೆ ಅಂತರ ಹೆಚ್ಚಿ ಬಿರುಕು ಬರುವುದೇ ಖಚಿತ ಎನ್ನುವುದು ನನ್ನ ವಾದ.

ನಡುಭಾಗ ಗರಿಷ್ಠ ಬಿಸಿಗೆ ಬರುವ ಎರಡು-ಮೂರನೇ ದಿನದ ಲೆಕ್ಕಕ್ಕೆ ಪೂರ್ತಿ 350 ಹಿಡಿಯಬೇಕೇ, ಅಥವಾ ಅಷ್ಟರೊಳಗೆ ಬಿಡುಗಡೆಯಾದ ಶಾಖವನ್ನು ಮಾತ್ರವೇ? ಹಾರುಬೂದಿಯ ಪಾಲನ್ನು ಎಷ್ಟೆಂದು ಸೇರಿಸುತ್ತೀರಿ? ಇಷ್ಟೇ ದಪ್ಪದ ರಾಫ್ಟ್‌ನಲ್ಲಿ ಅಳೆದವರಿದ್ದರೆ ಮಿಶ್ರಣ, ಸುರಿದಾಗಿನ ಉಷ್ಣಾಂಶ, ಗರಿಷ್ಠ ಉಷ್ಣಾಂಶ ಈ ಮೂರನ್ನು ತಿಳಿಸುವಿರಾ?