ಮೊದಲು ನೀನು ಉಣ್ಣು

ಪುಟ್ಟಿ, ದೊಡ್ಡಮ್ಮ ಮಾತನಾಡುತ್ತಿದ್ದೇನೆ. ಮೂರು ವರ್ಷದ ಮಗು ಮೊಬೈಲ್ ತೋರಿಸದೆ ಒಂದು ತುತ್ತೂ ನುಂಗುವುದಿಲ್ಲ, ನನಗೋ ಮಧ್ಯಾಹ್ನವಾದರೆ ತಲೆ ಸುತ್ತುತ್ತದೆ, ಏನು ಮಾಡಲಿ ಎಂದು ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದೀಯಲ್ಲ. ಆಗಲೇ ಆರು ಜನ ಮೊಬೈಲಿನ ಮೇಲೆ ಉಪದೇಶ ಕೊಟ್ಟಾಯಿತು. ಆ ವಯಸ್ಸಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದ್ದನ್ನು ರಾಜಾಜಿನಗರದವನು ಹುಡುಕಿ ಹಾಕಿದ್ದಾನೆ. ಸರಿಯೇ. ನಿನ್ನ ತಲೆಸುತ್ತಿನ ಬಗ್ಗೆ ಮಾತ್ರ ಒಬ್ಬರೂ ವಿಚಾರಿಸಲಿಲ್ಲ.

1987ರ ಮಾತು. ಹನುಮಂತನಗರದ ವಠಾರದ ಮನೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ದೊಡ್ಡವನಿಗೆ ಆಗ ಮೂರು ತುಂಬಿರಲಿಲ್ಲ. ಮೊಬೈಲ್ ಎಲ್ಲಿತ್ತು? ಅವನಿಗೆ ಬಿ.ಟಿ.ಎಸ್. ಬಸ್ಸು, ಅಂದರೆ ಆಗಿನ ಬೆಂಗಳೂರಿನ ಸಿಟಿ ಬಸ್ಸು, ಬೇಕಿತ್ತು. ಬಸ್ಸು ಬಂದರೆ ಬಾಯಿ ತೆರೆಯುತ್ತಿದ್ದ, ತಡವಾದರೆ ತುತ್ತು ದವಡೆಯಲ್ಲೇ ಉಳಿಯುತ್ತಿತ್ತು. ಸೊಂಟದ ಮೇಲೆ ಮಗು, ಕೈಯಲ್ಲಿ ಸಾರನ್ನದ ಬಟ್ಟಲು, ಒಂದೂವರೆ ಗಂಟೆ ರಸ್ತೆಯ ತುದಿಯಲ್ಲಿ ನಿಲ್ಲುತ್ತಿದ್ದೆ. ಆಮೇಲೆ ಅವನು ಬಿಟ್ಟದ್ದೇ ನನ್ನ ಊಟ. ಕಿವುಚಿ ಕಿವುಚಿ ತಣ್ಣಗಾದ ಅನ್ನ, ಮೂರು ಗಂಟೆಗೆ. ಚೆಲ್ಲಲು ಮನಸ್ಸು ಬರುತ್ತದೆಯೇ?

ಒಂದು ದಿನ ನಿಂತಲ್ಲೇ ಕಣ್ಣು ಕತ್ತಲಿಟ್ಟಿತು. ಬಟ್ಟಲು ಚರಂಡಿಗೆ ಉರುಳಿತು, ಮಗು ಎದುರು ಮನೆ ಕಟ್ಟಲು ಸುರಿದಿದ್ದ ಮರಳಿನ ಮೇಲೆ ಬಿತ್ತು. ಎರಡಡಿ ಆಚೆ ಸೈಜುಗಲ್ಲಿನ ರಾಶಿ. ಈಗಲೂ ಆ ಎರಡಡಿ ನೆನಪಾದರೆ ಎದೆ ಧಸಕ್ಕೆನ್ನುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7! ಹೆಂಗಸರಿಗೆ 12 ಆದರೂ ಇರಬೇಕಂತೆ. ಅದಕ್ಕೇ ಹೇಳುತ್ತೇನೆ, ನೀನು ಹಸಿದುಕೊಂಡು ಮಗುವಿಗೆ ಉಣಿಸಬೇಡ.

ಆವತ್ತು ಎತ್ತಿ ಕೂರಿಸಿ ಗಂಜಿ ಕುಡಿಸಿದವರು ವಠಾರದ ಪಕ್ಕದ ಮನೆಯವರು. ನಮ್ಮ ನೆಂಟರು, ಮಲ್ಲೇಶ್ವರದಲ್ಲಿದ್ದವರು, ಎರಡು ಬಸ್ಸು ಹತ್ತಿದರೆ ಸಿಗುವವರು, ಹನ್ನೊಂದನೆಯ ದಿನ ಬಂದರು. ನಡುಮನೆಯಲ್ಲಿ ಕುಳಿತು, ಒಂದು ಮಗುವಿಗೇ ಹೀಗೆ ಸುಸ್ತಾದರೆ ಹೇಗೆ ಎಂದು ಕೇಳಿ, ಕಾಫಿ ಕುಡಿದು, ಹೋಗುವಾಗ ತಮ್ಮ ಇಡ್ಲಿ ಪಾತ್ರೆಯನ್ನು ಜ್ಞಾಪಿಸಿಕೊಂಡು ತೆಗೆದುಕೊಂಡು ಹೋದರು. ಪಾತ್ರೆ ಅವರದೇ, ಇಲ್ಲವೆನ್ನುವುದಿಲ್ಲ. ಆದರೆ ಆವತ್ತೇ ಬೇಕಿತ್ತೇ? ಮರುದಿನ ಆ ಮನೆಯಲ್ಲಿ ಯಾರ ಮದುವೆಯೂ ಇರಲಿಲ್ಲ. ಈ ಗುಂಪಿನಲ್ಲಿ ಅವರೂ ಇದ್ದಾರೆ, ಕೇಳಿಸಿಕೊಳ್ಳಲಿ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ತಪ್ಪದೆ ಬರುತ್ತದೆ.

ಇರಲಿ. ಮತ್ತೊಮ್ಮೆ ಹೇಳುತ್ತೇನೆ ಪುಟ್ಟಿ, ಹಸಿದ ಹೊಟ್ಟೆಯಲ್ಲಿ ಉಣಿಸಲು ಕೂರಬೇಡ. ಸಿಟ್ಟೂ ಆಗಲೇ ಬರುವುದು, ಮೊಬೈಲ್ ಕೈಗೆ ಕೊಡುವುದೂ ಆಗಲೇ.

ಅಯ್ಯೋ, ಹೇಳಬೇಕೆಂದುಕೊಂಡದ್ದನ್ನೇ ಬಿಟ್ಟೆ. ಹಾಲು! ಡಾಕ್ಟರು ನನ್ನನ್ನು ಮೊದಲು ಕೇಳಿದ್ದೇ ಅದು, ಮಗು ಎಷ್ಟು ಹಾಲು ಕುಡಿಯುತ್ತದೆ ಎಂದು. ಅನ್ನ ತಿನ್ನಲಿಲ್ಲವಲ್ಲ ಎಂಬ ಸಂಕಟಕ್ಕೆ ನಾನು ದಿನಕ್ಕೆ ಐದು ಲೋಟ ಕುಡಿಸುತ್ತಿದ್ದೆ. ಹೊಟ್ಟೆಯಲ್ಲಿ ಜಾಗವೆಲ್ಲಿ? ಹಾಲಿನಲ್ಲಿ ಕಬ್ಬಿಣದ ಅಂಶವೂ ಇಲ್ಲವೆನ್ನುವಷ್ಟು ಕಡಿಮೆ. ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ ಒಂದು, ಇಡೀ ದಿನಕ್ಕೆ ಅದನ್ನು ದಾಟಿಸಬೇಡ. ಊಟದ ಹೊತ್ತಿಗೆ ಇಬ್ಬರಿಗೂ ಒಟ್ಟಿಗೇ ಬಡಿಸಿಕೋ. ಫೋನುಗಳು ಫ್ರಿಜ್ಜಿನ ಮೇಲಿರಲಿ, ನಿನ್ನ ಗಂಡನದೂ ಸೇರಿ. ಅರ್ಧ ಗಂಟೆಯಾದ ಮೇಲೆ ಬೈಯದೆ ತಟ್ಟೆ ಎತ್ತಿಬಿಡು, ಒಂದು ಹೊತ್ತು ಕಡಿಮೆ ತಿಂದರೆ ಏನೂ ಆಗುವುದಿಲ್ಲ. ಸಂಜೆ ಉದ್ಯಾನದಲ್ಲಿ ಓಡಲು ಬಿಡು, ಹಸಿವು ತಾನೇ ಬರುತ್ತದೆ.

ಈ ವಾರವೇ ನಿನ್ನ ರಕ್ತ ಪರೀಕ್ಷೆ ಮಾಡಿಸು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ, ಊಟವಾದ ತಕ್ಷಣ ಕಾಫಿ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ತಲೆಸುತ್ತಿನ ಜೊತೆಗೆ ಸುಮ್ಮನೆ ಅಳುವೂ ಬರುತ್ತಿದ್ದರೆ ಮುಚ್ಚಿಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ರಾತ್ರಿಯಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಈಗ ಹನ್ನೊಂದೂವರೆ. ತಿಂಡಿ ತಿಂದೆಯಾ? ನಿನ್ನ ತಟ್ಟೆಯ ಫೋಟೊ ಹಾಕು, ನೋಡುತ್ತೇನೆ.