ಸಹಾಯ ಬೇಕು: ಗಾಳಿ ಟ್ಯಾಂಕಿನ ಲೆಕ್ಕ ತಾಳೆ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟು: ಕಾರವಾರದ ಕಡೆ ಹಗಲಿನ ಸೋಲಾರ್ ಕರೆಂಟಿನಿಂದ ಗಾಳಿ ಒತ್ತಿಟ್ಟು, ರಾತ್ರಿ ಅದರಿಂದ ದೀಪ ಹಚ್ಚುವುದು. ಜರ್ಮನಿಯ ಹುಂಟಾರ್ಫ್‌ನಲ್ಲಿ 1978ರಿಂದಲೇ ನೆಲದೊಳಗಿನ ಉಪ್ಪಿನ ಗುಹೆಗಳಲ್ಲಿ ಗಾಳಿ ತುಂಬಿಡುತ್ತಾರೆ. ನಮಗೆಲ್ಲಿಯ ಉಪ್ಪಿನ ಗುಹೆ, ಕಬ್ಬಿಣದ ಟ್ಯಾಂಕೇ ಗತಿ.

ಸೋದರಮಾವನ ಪಂಕ್ಚರ್ ಅಂಗಡಿಯ 200 ಲೀಟರ್ ಟ್ಯಾಂಕನ್ನು ಮೀಟರಿನಲ್ಲಿ 7 ಬಾರ್ ಬರುವವರೆಗೆ ತುಂಬಿಸಿದೆ. ಹತ್ತಿರ ಹತ್ತಿರ ಕಾಲು ಯೂನಿಟ್ (250 ವ್ಯಾಟ್-ಅವರ್) ಕರೆಂಟು ಹೋಯಿತು. ಪೈಪು ಮುಟ್ಟಿದರೆ ಕೈ ಸುಡುತ್ತದೆ, ಅರ್ಧ ಕರೆಂಟು ಅಲ್ಲೇ ಬಿಸಿಯಾಗಿ ಹೋಯಿತು ಅಂತ ನನ್ನ ಅನುಮಾನ. ಗಾಳಿ ಬಿಟ್ಟು ಸಣ್ಣ ಏರ್ ಮೋಟರ್, ಡೈನಮೊ ತಿರುಗಿಸಿದರೆ 12 ವ್ಯಾಟ್ ಬಲ್ಬು ಇಪ್ಪತ್ತು ನಿಮಿಷ ಉರಿಯಿತು, ಅಷ್ಟೇ. ಮೋಟರಿನ ಬಾಯಿಗೆ ತಣ್ಣನೆ ಹನಿ ಬೇರೆ. ಮಾವ ನಕ್ಕು, "ಇದಕ್ಕಿಂತ ಕಂದೀಲೇ ವಾಸಿ" ಅಂದರು. ಕೆಳಗಿನ ವಾಲ್ವ್ ಬಿಚ್ಚಿದರೆ ಇಲ್ಲೇ ನೀರು ಬರುತ್ತದೆ, ಕಾರವಾರದ ಹಸಿ ಗಾಳಿಯಲ್ಲಿ ಇನ್ನೆಷ್ಟು ಬರುತ್ತದೋ!

ಕೀಲು, ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆ, ಸೋರಿಕೆ ಇಲ್ಲ. ತಲೆ ಕೆಟ್ಟಿರುವುದು ಲೆಕ್ಕದಲ್ಲಿ. ಒತ್ತಡ (ಹೊರಗಿನ ಗಾಳಿಯ 1 ಬಾರ್ ಸೇರಿಸಿ 8 ಬಾರ್), ಟ್ಯಾಂಕಿನ ಗಾತ್ರ, ಒಳಗಿನ-ಹೊರಗಿನ ಒತ್ತಡದ ಅನುಪಾತದ (8ರ) ನ್ಯಾಚುರಲ್ ಲಾಗ್ ಮೂರನ್ನು ಗುಣಿಸಿದರೆ ಟ್ಯಾಂಕಿನಲ್ಲಿ ಸುಮಾರು 92 ವ್ಯಾಟ್-ಅವರ್ ಬರುತ್ತದೆ. ಹೊರಗಿನ ಗಾಳಿಯನ್ನು ತಳ್ಳಲು ಹೋಗುವ ಕೆಲಸ ಕಳೆದರೆ ಬರೀ 53. ಎರಡೂ ಸರಿಯೆಂದೇ ಕಾಣುತ್ತವೆ ಅಲ್ವಾ?

ಗೊತ್ತಿರುವವರು ಹೇಳಿ: ದಕ್ಷತೆ ತೋರಿಸುವಾಗ 92 ಹಿಡಿಯಬೇಕೋ, 53 ಹಿಡಿಯಬೇಕೋ? ಏಕೆ?