ಟಿಶ್ಯೂ ಕಲ್ಚರ್ ಸಸಿ (ಗಿಡದ ಚೂರಿನಿಂದ ಲ್ಯಾಬಿನಲ್ಲಿ ಬೆಳೆಸಿದ್ದು) ಡಬ್ಬಿಯಿಂದ ತೆಗೆದು ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಡೊಂಬಿವಲಿ: ಎಲೆಯಲ್ಲಿ ಕೆನೆ ಬಣ್ಣ ಇರುವ ಥಾಯ್ ಕಾನ್‌ಸ್ಟೆಲೇಶನ್ ಮಾನ್‌ಸ್ಟೆರಾದ ಐದು ಸಸಿ ತರಿಸಿದ್ದೇನೆ. ಇನ್ನೂ ಲ್ಯಾಬಿನ ಡಬ್ಬಿಯಲ್ಲೇ, ಜೆಲ್‌ನಲ್ಲೇ ಇವೆ. ಪೂರ್ವಕ್ಕೆ ಬಾಲ್ಕನಿ, ಮನೆಯಲ್ಲಿ ಅಂಬೆಗಾಲಿಡುವ ಮಗು. ಈಗ ಜೂನ್ ಕೊನೆ. ತೆಗೆಯಲೋ, ಮಳೆ ಮುಗಿಯುವವರೆಗೆ ಕಾಯಲೋ? ಯಾವುದರಲ್ಲಿ ನೆಡಲಿ?

ಮುಲುಂಡ್: ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) ಒಂದೇ ಸಾಕು ಮಾರಾಯ್ರೆ, ಒಣ ಪಾಚಿ, ಮಾಸ್ ಗೀಸ್ ಬೇಡ. ನನ್ನದು ಪಿಂಕ್ ಪ್ರಿನ್ಸೆಸ್ ಫಿಲೊಡೆಂಡ್ರಾನ್. ಸಸಿಗೆ ತಲಾ 220 ರೂಪಾಯಿ, ಕೊರಿಯರ್ 180, ಪರ್ಲೈಟ್ ಚೀಲ 350, ಮುಚ್ಚಳದ ಡಬ್ಬಿ ಎರಡಕ್ಕೆ 260, ಗ್ರೋ ಲೈಟ್ 899. ಕೊರಿಯರಿನವರು ಗೋದಾಮಿನಲ್ಲೇ ಇಟ್ಟುಕೊಂಡು ಕಡೆಗೆ ತಲೆಕೆಳಗಾಗಿ ತಂದುಕೊಟ್ಟರು, ಜೆಲ್ ಎಲ್ಲ ಒಡೆದು ಎಲೆಗೆ ಮೆತ್ತಿಕೊಂಡಿತ್ತು. ಆ ಜೆಲ್‌ನಲ್ಲಿ ಸಕ್ಕರೆ ಉಂಟು. ಬೇರಿನ ಸಂದಿಯಲ್ಲಿ ಚೂರು ಉಳಿದರೂ ಬಿಳಿ ಬೂಷ್ಟು ಅಲ್ಲಿಂದಲೇ ಶುರು. ಉಗುರುಬೆಚ್ಚಗಿನ ನೀರಿನಲ್ಲಿ ಹಿಡಿದು, ಚಿತ್ರ ಬಿಡಿಸುವ ಸಣ್ಣ ಬ್ರಶ್ಶಿನಿಂದ ಒಂದೊಂದೇ ಬೇರು ಬಿಡಿಸಿ ತೊಳೆದೆ. ಪಾರದರ್ಶಕ ಲೋಟದಲ್ಲಿ ನೆಟ್ಟದ್ದರಿಂದ ಹೊಸ ಬೇರು ಗೋಡೆಗೆ ತಾಗಿದ್ದು, ಅದರ ಮೇಲಿನ ನವಿರು ರೋಮ, ಎಲ್ಲ ಕಾಣುತ್ತಿತ್ತು. ಜೆಲ್‌ನಲ್ಲಿ ಬಂದ ಬೇರನ್ನು ನೆಚ್ಚಬೇಡಿ, ಹೊಸದು ಬಂದರೇ ಗಿಡ ಕುಡಿಯುವುದು.

ಕೋಥ್ರೂಡ್: ಇದು ಸಮುದ್ರದ ಬಾಜೂಕ ಇದ್ದವರ ಮಾತ್ರೀ. ನಮ್ಮ ಪುಣೇದಾಗ ಏಪ್ರಿಲ್ ಮಧ್ಯಾಹ್ನ ಆರ್ದ್ರತೆ ಶೇಕಡಾ 30ರ ಕೆಳಗ ಇಳೀತದ. ಡಬ್ಬಿಯೊಳಗ ಹೆಚ್ಚುಕಮ್ಮಿ 100. ಅಲ್ಲಿ ಹುಟ್ಟಿದ ಎಲಿಗೆ ಮ್ಯಾಲಿನ ಮೇಣದ ಪದರ ಸರಿ ಕಟ್ಟಿರಂಗಿಲ್ಲ, ಪತ್ರರಂಧ್ರ ಮುಚ್ಚಿಕೊಳ್ಳೋದು ಕಲಿತಿರಂಗಿಲ್ಲ. ಹೊರಗ ಇಟ್ಟ ತಾಸಿನೊಳಗ ಜೋತು ಬೀಳ್ತದ. ನನ್ನ ಅಲೊಕೇಶಿಯಾ ಉಳಿದದ್ದು ಸ್ಫ್ಯಾಗ್ನಮ್ ಮಾಸ್‌ನಿಂದನ, ಪರ್ಲೈಟ್ ಹಾಕಿದ್ರ ಒಂದೂ ಸಿಗ್ತಿದ್ದಿಲ್ಲ. ಮಾಸ್ 700, ಡಬ್ಬಿ 450, ಆರ್ದ್ರತೆ ತೋರಿಸೋ ಮೀಟರ್ 299, ಅದು ಕೆಟ್ಟು ಮತ್ತೊಂದು 540. ಮನಿಯವರು ಲೆಕ್ಕಾ ಕೇಳಿ ಸಿಟ್ಟಾದ್ರು, ಆಗಲಿ. ಮೊದಲ ವಾರ ಮುಚ್ಚಳಾ ಪೂರ್ತಿ ಹಾಕಿ, ಆಮ್ಯಾಲ ದಿನಾ ಸ್ವಲ್ಪ ಸ್ವಲ್ಪ ತೆಗೀತಾ ಹೋದೆ. ಮೂರು-ನಾಕು ವಾರದ ಕೆಲಸ. ಹಳೇ ಎಲಿ ಹಳದಿ ಆಗಿ ಹೋಗ್ತಾವ, ಹೋಗ್ಲಿ ಬಿಡ್ರಿ. ಹೊರಗಿನ ಗಾಳ್ಯಾಗ ಬಿಚ್ಚಿದ ಎಲಿ ಗಟ್ಟಿ ನಿಂತ್ರ ಗಿಡ ನಿಮ್ಮದು.

ಮಡಗಾಂವ್: ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡಿ ಎನ್ನುವವರು ಗೋವೆಗೆ ಬಂದು ನೋಡಬೇಕು. ಜುಲೈಯಲ್ಲಿ ಇಲ್ಲಿ ಕಪಾಟಿನೊಳಗಿನ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ನನ್ನ ಆಂಥೂರಿಯಂ ಒಂದು ತಟ್ಟೆ ಪೂರ್ತಿ ಹೋಯಿತು. ಎಲೆ ಹಸಿರಾಗಿಯೇ ಇದೆ, ಬುಡ ಮಾತ್ರ ಕಂದು, ಮುಟ್ಟಿದರೆ ಕಳಚಿ ಕೈಗೆ ಬರುತ್ತದೆ. 3,200 ರೂಪಾಯಿಯ ಮಾಲು. ಮಾರಿದವರಿಗೆ ಫೋಟೋ ಕಳಿಸಿದರೆ ನೀರು ಜಾಸ್ತಿಯಾಗಿದೆ ಎಂದು ಫೋನಿಟ್ಟರು. ಮುಂದಿನ ತಟ್ಟೆಯನ್ನು ಬೂಷ್ಟು ಕೊಲ್ಲುವ ಸಾಫ್ ಪುಡಿ ಲೀಟರಿಗೆ 2 ಗ್ರಾಂ ಕಲಸಿದ ನೀರಿನಲ್ಲಿ ಅದ್ದಿ ನೆಟ್ಟೆ, ಮುಚ್ಚಳಕ್ಕೆ ತೂತು ಹೊಡೆದೆ, ಕೋಣೆಗೆ ಸಣ್ಣ ಫ್ಯಾನು ಇಟ್ಟೆ. ಅವು ನಿಂತವು. ಮದ್ದಿಲ್ಲದೆ ಕರಾವಳಿಯಲ್ಲಿ ಆಗುವ ಕೆಲಸವಲ್ಲ.

ಮುಲುಂಡ್: ಮಗು ಇರುವ ಮನೆಗೆ ಇದನ್ನು ಹೇಳುತ್ತೀರಲ್ಲ! ಸಾಫ್ ಅಂದರೆ ಕಾರ್ಬೆಂಡಜಿಮ್, ಮ್ಯಾಂಕೊಜೆಬ್. ಎರಡಕ್ಕೂ ಯುರೋಪ್ ಒಕ್ಕೂಟದಲ್ಲಿ ಈಗ ಅನುಮತಿ ಇಲ್ಲ. ಮುಂಬೈಯೂ ಕರಾವಳಿಯೇ, ನನ್ನದು ಮದ್ದಿಲ್ಲದೆ ಬದುಕಿದೆ. ಜೆಲ್ ಸರಿಯಾಗಿ ತೊಳೆದರೆ ಸಾಕು.

ಮಡಗಾಂವ್: ತೊಳೆದಿದ್ದೇನೆ ಸ್ವಾಮಿ, ಸೊಂಟ ನೋಯುವಷ್ಟು ಹೊತ್ತು ನಿಂತು ತೊಳೆದಿದ್ದೇನೆ. ಕೈಗವಸು, ಮುಖಕ್ಕೆ ಬಟ್ಟೆ ಕಟ್ಟಿ, ಟೆರೇಸಿನಲ್ಲಿ ಅದ್ದಿದ್ದು. ನಮ್ಮ ಮನೆಯಲ್ಲೂ ಮಕ್ಕಳಿದ್ದಾರೆ. ನಿಮ್ಮ ಫಿಲೊಡೆಂಡ್ರಾನ್ ಗಟ್ಟಿ ಜಾತಿ, ಆಂಥೂರಿಯಂ ಮಾಡಿ ಆಮೇಲೆ ಮಾತಾಡಿ.

ಡೊಂಬಿವಲಿ: ಒಂದು ಡಬ್ಬಿಯಲ್ಲಿ ಜೆಲ್ ಮೇಲೆ ಬಿಳಿ ನೂಲಿನಂಥದ್ದು ಕಾಣುತ್ತಿದೆ.

ಕೋಥ್ರೂಡ್: ಅದನ್ನ ಈಗಿಂದೀಗ ತೆಗದು ತೊಳೀರಿ ತಂಗಿ, ಬ್ಯಾರೇ ಇಡ್ರಿ. ಉಳಿದ ನಾಕು ಸ್ವಚ್ಛ ಇದ್ರ ಅವಸರಿಲ್ಲ.

ವಾಶಿ: ಥಾಯ್ ಕಾನ್‌ಸ್ಟೆಲೇಶನ್ ತಗೊಂಡದ್ದು ಒಳ್ಳೆಯದಾಯಿತು ಮೇಡಂ, ಅದರ ಕೆನೆ ಬಣ್ಣ ಲ್ಯಾಬಿನಲ್ಲೂ ಉಳಿಯುತ್ತದೆ. ನನಗೆ ಟಿಶ್ಯೂ ಕಲ್ಚರ್ ಆಲ್ಬೊ (ಎಲೆಯಲ್ಲಿ ಬಿಳಿ ಇರುವ ಮಾನ್‌ಸ್ಟೆರಾ) ಎಂದು 4,500ಕ್ಕೆ ಕೊಟ್ಟರು. ಎಂಟನೇ ಎಲೆಯೂ ಅಚ್ಚ ಹಸಿರು. ಆಲ್ಬೊದಲ್ಲಿ ಬಿಳಿ ಕೋಶ, ಹಸಿರು ಕೋಶ ಒಂದೇ ಗಿಡದಲ್ಲಿ ಬೇರೆಬೇರೆಯಾಗಿಯೇ ಇರುತ್ತವೆ, ಲ್ಯಾಬಿನಲ್ಲಿ ಚೂರಿನಿಂದ ಬೆಳೆಸುವಾಗ ಅವು ಅಗಲಿ ಹೋಗುತ್ತವೆ. ಇದನ್ನು ಹೇಳದೆ ಮಾರುವುದು ಮೋಸ.

ಕೋಥ್ರೂಡ್: ಎಲ್ಲಾರದೂ ಹಂಗಾಗಂಗಿಲ್ಲ. ನಮ್ಮ ಆಲ್ಬೊ ಲ್ಯಾಬಿಂದ ಬಂದದ್ದು, ಅರ್ಧ ಎಲಿ ಬೆಳ್ಳಗ ಅದ.

ವಾಶಿ: ಅದು ದೊಡ್ಡ ಗಿಡದ ಕಾಂಡ ಕತ್ತರಿಸಿ ಬೆಳೆಸಿದ್ದಿರಬೇಕು. ನೀವು ಡಬ್ಬಿಯಿಂದ ತೆಗೆದದ್ದೋ, ಕುಂಡದಲ್ಲೇ ಬಂದದ್ದೋ?

ಕೋಥ್ರೂಡ್: ಕುಂಡದಾಗ ಬಂತು. ಆದ್ರ ಮಾರಿದವರು ಟಿಶ್ಯೂ ಕಲ್ಚರ್ ಅಂತ ಚೀಟಿ ಹಚ್ಚಿದ್ರು.

ವಾಶಿ: ಚೀಟಿ ನನಗೂ ಹಚ್ಚಿಕೊಟ್ಟಿದ್ದರು. ಬುಡದ ಮಣ್ಣು ಸ್ವಲ್ಪ ಸರಿಸಿ, ದಪ್ಪ ಕಾಂಡಕ್ಕೆ ಕತ್ತರಿಸಿದ ಗುರುತು ಇದೆಯೋ ನೋಡಿ ಫೋಟೋ ಹಾಕಿ.